ಹನ್ನೆರಡು ಜನರ ಮೇಜು

"ಇಷ್ಟು ದೊಡ್ಡ ಮೇಜಿಗೆ ಊಟಕ್ಕೆ ಕೂರೋರು ಯಾರು?"

ಬಡಗಿಯ ಹೆಂಡತಿ ಕಸಬರಿಗೆ ಹಿಡಿದು ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಗಂಡ ಹಿತ್ತಲಿನ ಶೆಡ್ಡಿನಲ್ಲಿ ಕುರ್ಚಿಯ ಕಾಲಿಗೆ ಉಜ್ಜುಕಾಗದ ತಿಕ್ಕುತ್ತಿದ್ದ. ಮಗ ಯಾರದೋ ಮನೆಯ ಕಿಟಕಿ ರಿಪೇರಿಗೆ ಹೋಗಿದ್ದ. ಸೊಸೆ ಬೇಳೆಗೆ ನೀರಿಟ್ಟು, ಒಲೆಯ ಮುಂದೆಯೇ ಕೂತು ಪಕ್ಕದ ಮನೆಯವರ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಗೋಡೆಗೊರಗಿ ಕೂತಿದ್ದ ಅಜ್ಜಿ, ಬಡಗಿಯ ತಾಯಿ, ಗುನುಗುತ್ತಿದ್ದ ಪದ್ಯವನ್ನು ಅರ್ಧಕ್ಕೆ ನಿಲ್ಲಿಸಿದಳು.

"ದೇವರು ಯಾರ್ಯಾರಿಗೆ ಹಸಿವು ಕೊಟ್ಟಿದ್ದಾನೋ ಅವರೆಲ್ಲ ಕೂರಬಹುದಲ್ಲೇ," ಎಂದು ಮತ್ತೆ ಪದ್ಯ ಹಿಡಿದಳು.

"ನಿಮಗೇನತ್ತೆ, ಗುಡಿಸೋಳು ನಾನು."

ಮೇಜು ಈ ಗೋಡೆಯಿಂದ ಆ ಗೋಡೆಯವರೆಗೆ ಕೋಣೆಯನ್ನೆಲ್ಲ ನುಂಗಿಕೊಂಡಿತ್ತು. ಸುತ್ತ ಓಡಾಡಬೇಕಾದರೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಸರಿಯಬೇಕು. ಗುಡಿಸಬೇಕಾದರೆ ಕೆಳಗೆ ತೆವಳಬೇಕು. ಹಳೆಯ ತೇಗ; ಬಡಗಿ ವರ್ಷಗಟ್ಟಲೆ ಮುಟ್ಟದೆ, ಒಣಗಿಸಿ, ಒಳ್ಳೆಯ ಕೆಲಸ ಬರಲಿ ಎಂದು ಕಾದಿಟ್ಟಿದ್ದ ಹಲಗೆಗಳು. ಒಂದು ಮೊಳೆಯಿಲ್ಲ. ಜೋಡಣೆ ಎಲ್ಲಿ ಎಂದು ಬೆರಳಾಡಿಸಿದರೂ ಸಿಗುವಂತಿರಲಿಲ್ಲ.

ಆ ಕೆಲಸ ಬಂದದ್ದು ಒಂದು ಊಟದಲ್ಲಿ.

ಅದು ಸಣ್ಣ ಊರು. ಕಚೇರಿಯಲ್ಲಿ ಅರ್ಜಿ ಕೊಡುತ್ತಿದ್ದರು, ಪೇಟೆಯಲ್ಲಿ ಚೌಕಾಸಿ ಮಾಡುತ್ತಿದ್ದರು, ಆದರೆ ಏನಾದರೂ ತೀರ್ಮಾನವಾಗುತ್ತಿದ್ದುದು ಯಾರದಾದರೂ ಮನೆಯ ರಾತ್ರಿಯೂಟದಲ್ಲಿ. ಯಾರ ಮಗನಿಗೆ ಕೆಲಸ, ಯಾವ ಬೀದಿಗೆ ಡಾಂಬರು, ಎಲ್ಲ ತಟ್ಟೆಯ ಮುಂದೆಯೇ. ಯಾರು ಯಾರ ಮನೆಯಲ್ಲಿ ಉಂಡರು ಎಂಬುದು ಬೆಳಗ್ಗೆ ಹಾಲಿನವನ ಜೊತೆ ಮನೆಮನೆಗೆ ಬರುತ್ತಿತ್ತು. ಗಿರಣಿ ಮಾಲೀಕರ ಮನೆಗೆ ಹೊಸ ಬಾಗಿಲು ಕೂರಿಸಿದ ಮೇಲೆ ಅವರು ಬಡಗಿಯನ್ನೂ ಊಟಕ್ಕೆ ಕರೆದಿದ್ದರು. ಅವನ ಪಕ್ಕದಲ್ಲಿ ಕೂತಿದ್ದವರು ಊರಿನ ಕ್ಲಬ್ಬಿನ ಕಾರ್ಯದರ್ಶಿ. ಅವರು ಬಾಯಲ್ಲಿ ತುತ್ತಿಟ್ಟುಕೊಂಡೇ, "ನಮ್ಮ ಕ್ಲಬ್ಬಿಗೂ ಒಂದು ಊಟದ ಮೇಜು ಮಾಡಿಬಿಡು ಮೇಸ್ತ್ರಿ. ಹನ್ನೆರಡು ಜನ ಕೂರಬೇಕು. ಮೊದಲ ದಿನ ನೀನೂ ಬಂದು ಕೂತ್ಕೋ," ಎಂದಿದ್ದರು.

ಊಟಕ್ಕೆ ಕೂತು ಆಡಿದ ಮಾತು ಗಟ್ಟಿ ಮಾತು ಎಂದು ಬಡಗಿ ನಂಬಿದ್ದ. ಅನ್ನದ ಮುಂದೆ ಮುಂಗಡ ಕೇಳುವುದು ನಾಚಿಕೆಗೇಡು ಎಂದೂ ನಂಬಿದ್ದ. ಮೇಜು ಮುಗಿಸಿ, ಒಗೆದ ಅಂಗಿ ತೊಟ್ಟು ಕ್ಲಬ್ಬಿಗೆ ಹೋದ. ಕಾರ್ಯದರ್ಶಿಗಳು ನಿಜವಾಗಿಯೂ ಆಶ್ಚರ್ಯಪಟ್ಟರು.

"ಅಯ್ಯೋ, ಊಟದ ಹೊತ್ತಿನ ಮಾತಿಗೆ ಅಳತೆ ತಗೊಂಡುಬಿಟ್ಟೆಯಲ್ಲೋ. ಪಟ್ಟಣದಿಂದ ಗಾಜಿನ ಮೇಜು ಬಂದಾಯ್ತು. ಬಾ ಒಳಗೆ, ನೋಡು, ಚೆನ್ನಾಗಿದೆ."

ನೋಡಿ ಬಂದ. ಮನೆಗೆ ಬಂದು, "ಗಾಜಿಗೆ ಆಯುಷ್ಯ ಇಲ್ಲ," ಎಂದ. ಅಷ್ಟೇ.

ಮುಂದಿನ ಕೋಣೆಯನ್ನು ಸೊಸೆಗೆ ಕೊಡುತ್ತೇನೆಂದು ಮಾತು ಕೊಟ್ಟವನೂ ಅವನೇ. ಅವಳು ಹೊಲಿಗೆ ಕಲಿತವಳು. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಬೀದಿಯ ಹುಡುಗಿಯರಿಗೆ ಕ್ಲಾಸು ಶುರು ಮಾಡುವುದೆಂದು ಹೇಳಿಯಾಗಿತ್ತು. ನಾಲ್ಕು ಹುಡುಗಿಯರು ಬರುತ್ತೇನೆಂದಿದ್ದರು. ಮಷಿನ್ನು ಮಾತ್ರ ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಡಬ್ಬದ ಪಕ್ಕ, ಬಟ್ಟೆ ಹೊದ್ದು ಕೂತಿತ್ತು.

ಆ ಸಂಜೆ ಅಡುಗೆಮನೆಯಲ್ಲೇ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಎಲ್ಲರೂ ಊಟಕ್ಕೆ ಕೂತಾಗ ಸೊಸೆ ಕೇಳಿದಳು.

"ಮಾವ, ಶಾಲೆ ತೆರೆಯೋದರೊಳಗೆ ಕೋಣೆ ಖಾಲಿ ಆಗುತ್ತಾ?"

"ಆಗುತ್ತಮ್ಮ."

"ಹೋದ ತಿಂಗಳೂ ಹೀಗೇ ಅಂದ್ರಿ."

"ಹೋದ ತಿಂಗಳು ಸುಮ್ನೆ ಅಂದೆ. ಈಗ ನಿಜವಾಗ್ಲೂ ಅಂತಿದ್ದೀನಿ."

ಅಜ್ಜಿ ಕಿಸಕ್ಕನೆ ನಕ್ಕಳು. ಮಗ ತಟ್ಟೆ ನೋಡುತ್ತ, "ಎರಡು ತುಂಡು ಮಾಡಿ ಎರಡು ಮೇಜು ಅಂತ ಮಾರಿಬಿಡಪ್ಪ," ಎಂದ.

"ನಿನ್ನನ್ನ ಎರಡು ತುಂಡು ಮಾಡಿ ಇಬ್ಬರು ಮಕ್ಕಳು ಅಂತ ಹೇಳ್ಕೊಳ್ಳಲಾ?"

"ಜಗಳ ಬೇಡ," ಎಂದಳು ಸೊಸೆ. ಅವಳ ದನಿ ಏರಲಿಲ್ಲ. "ಸೈಕಲ್ ಅಂಗಡಿ ಮೇಲೆ ಎರಡು ಕೋಣೆ ಬಾಡಿಗೆಗೆ ಇದೆ. ಇಬ್ಬರೂ ನೋಡ್ಕೊಂಡು ಬಂದ್ವಿ."

ಬಡಗಿಯ ಹೆಂಡತಿಯ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. "ಹೊಲಿಗೆಗೋ, ಸಂಸಾರಕ್ಕೋ?"

"ಮಷಿನ್ ಅಲ್ಲಿ, ಒಲೆ ಇಲ್ಲಿ ಅಂದ್ರೆ ದಿನಾ ಓಡಾಡೋದು ಯಾರು ಅತ್ತೆ?"

ಬಡಗಿಯ ಹೆಂಡತಿ ಅಂದು ಪಾತ್ರೆ ತೊಳೆಯುವಾಗ ತಟ್ಟೆಗಳನ್ನು ಎರಡು ಗುಂಪಾಗಿ ಜೋಡಿಸಿ ನೋಡಿದಳು. ಮೂರು ಇಲ್ಲಿ, ಎರಡು ಅಲ್ಲಿ. ಮತ್ತೆ ಎಲ್ಲವನ್ನೂ ಸೇರಿಸಿ ಒಂದರ ಮೇಲೊಂದು ಇಟ್ಟಳು.

ಬೆಳಗ್ಗೆ ಬಡಗಿ ಹಲ್ಲುಜ್ಜುತ್ತಲೇ ಹೆಂಡತಿಗೆ ಉಪಾಯ ಹೇಳಿದ. "ದೊಡ್ಡವರನ್ನ ಊಟಕ್ಕೆ ಕರೆಯೋಣ. ಮೇಜಿನ ಮುಂದೆ ಕೂತು ಉಂಡವನು ಮೇಜು ನೋಡದೇ ಇರ್ತಾನಾ? ನೋಡಿದವನು ಬಿಡ್ತಾನಾ?"

"ಖರ್ಚು?"

"ಮೇಜಿನ ಬೆಲೆಯಲ್ಲಿ ಬರುತ್ತೆ."

"ಅಡುಗೆ ಮಾಡೋರು?"

ಬಡಗಿ ಬಾಯಿ ಮುಕ್ಕಳಿಸುವುದರಲ್ಲಿ ಮಗ್ನನಾದ.

ಮೊದಲು ಕರೆದದ್ದು ಡಾಕ್ಟರನ್ನು, ಅವರ ಹೆಂಡತಿಯನ್ನು. ಅತ್ತೆ ಸೊಸೆ ಮಧ್ಯಾಹ್ನದಿಂದಲೇ ಒಲೆಯ ಮುಂದೆ ನಿಂತರು. ಸಂಜೆ ಬಡಗಿ ಸ್ನಾನ ಮಾಡಿ ಬಂದು ಮುಂದಿನ ಕೋಣೆಗೆ ಇಣುಕಿದರೆ ಮೇಜು ಕಾಣಲಿಲ್ಲ. ಬಿಳಿಯ ಬಟ್ಟೆಯೊಂದು ಆ ತುದಿಯಿಂದ ಈ ತುದಿಯವರೆಗೆ ಹಾಸಿ, ಮೊಣಕಾಲಿನವರೆಗೆ ಇಳಿಬಿದ್ದಿತ್ತು. ಅದಕ್ಕೆ ನೀಲಿ ಅಂಚು, ಸೊಸೆಯ ಕೈಹೊಲಿಗೆ.

"ಇದ್ಯಾಕೆ ಹಾಸಿದೆ?"

"ಸಾರು ಚೆಲ್ಲಿದ್ರೆ? ಮಾರೋ ಸಾಮಾನಿಗೆ ಕಲೆ ಆದ್ರೆ ಯಾರು ತಗೋತಾರೆ? ರಾತ್ರಿಯೆಲ್ಲ ಕೂತು ಅಂಚು ಹಾಕಿದಾಳೆ, ಪಾಪ," ಎಂದಳು ಹೆಂಡತಿ.

ಅಷ್ಟರಲ್ಲಿ ಡಾಕ್ಟರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

ಅವರು ಹೊಟ್ಟೆ ತುಂಬ ಉಂಡರು. ಬೇಳೆ ಚೆನ್ನಾಗಿದೆ ಎಂದರು. ಆಸ್ಪತ್ರೆಯ ಹೊಸ ಕಟ್ಟಡದ ಮಾತಾಡಿದರು. ಬಡಗಿ ಮೇಜಿನ ಮಾತು ತೆಗೆಯಲು ನಾಲ್ಕು ಸಲ ಬಾಯಿ ತೆರೆದು, ನಾಲ್ಕು ಸಲವೂ "ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂದ. ಕೊನೆಗೆ ಧೈರ್ಯ ಮಾಡಿ ಬಟ್ಟೆಯ ಮೂಲೆಯನ್ನು ಎತ್ತಿ, "ಇದರ ಕೆಳಗೆ..." ಎಂದ.

"ಏನಾದ್ರೂ ಬಿತ್ತಾ?" ಎಂದು ಡಾಕ್ಟರು ಬಗ್ಗಿ ನೆಲ ಹುಡುಕಿದರು. ಏಳುವಾಗ ಮಂಡಿ ಮೇಜಿನ ಕಾಲಿಗೆ ಬಡಿಯಿತು. "ಗಟ್ಟಿಯಾಗಿದೆ," ಎಂದು ಮಂಡಿ ಉಜ್ಜಿಕೊಂಡರು. ಡಾಕ್ಟರಮ್ಮ ಊಟದುದ್ದಕ್ಕೂ ನೀಲಿ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದರು.

"ಫೋಟೋ ತೆಗೆಸೋಕೆ ಕರ್ಕೊಂಡು ಹೋಗಿ ಮುಖಕ್ಕೆ ಟವೆಲ್ ಹಾಕಿದ ಹಾಗಾಯ್ತು," ಎಂದು ಬಡಗಿ ಅವರು ಹೋದ ಮೇಲೆ ಹಣೆ ಚಚ್ಚಿಕೊಂಡ.

ಎರಡನೆಯ ಸಲ ಹೆಡ್ಮಾಸ್ತರು ಮತ್ತು ಪೋಸ್ಟ್ ಮಾಸ್ತರು. ಬಟ್ಟೆ ಹಾಸಕೂಡದೆಂದು ಬಡಗಿ ಮೂರು ಸಲ ಹೇಳಿದ. ಹೆಂಡತಿ ಬಟ್ಟೆ ಹಾಸಲಿಲ್ಲ. ಪ್ರತಿ ತಟ್ಟೆಯ ಕೆಳಗೂ ಹಳೆಯ ಪೇಪರು ಹಾಸಿದಳು. ಹೆಡ್ಮಾಸ್ತರು ಊಟ ಮುಗಿಯುವವರೆಗೆ ತಲೆಯೆತ್ತದೆ ಓದಿದರು. ಕೊನೆಗೆ ತಟ್ಟೆ ಸ್ವಲ್ಪ ಸರಿಸಿ, ಮುಚ್ಚಿಹೋಗಿದ್ದ ಕಡೆಯ ಸಾಲುಗಳನ್ನೂ ಓದಿ, "ಈ ಸುದ್ದಿ ನಾನು ನೋಡೇ ಇರಲಿಲ್ಲ," ಎಂದು ಸಂತೋಷಪಟ್ಟರು.

ಅಡುಗೆಮನೆಯಲ್ಲಿ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅತ್ತೆಗೂ ನಗು ತಡೆಯಲಾಗಲಿಲ್ಲ. ತುಂಬ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕಿದ್ದರು. ನಕ್ಕು ಮುಗಿದ ಮೇಲೆ, ಉಳಿದ ಅನ್ನವನ್ನು ಒಲೆಯ ಮುಂದೆ ನಿಂತೇ ಉಣ್ಣುತ್ತ ಸೊಸೆ ಹೇಳಿದಳು:

"ಅತ್ತೆ, ನಾವು ಆ ಮೇಜಿಗೆ ಒಂದು ದಿನವೂ ಕೂತಿಲ್ಲ, ನೋಡಿ."

"ಮಾರೋ ಮೇಜಿಗೆ ನಾವ್ಯಾಕೆ ಕೂರೋದು?"

"ಅದೂ ಸರಿ," ಎಂದು ಸೊಸೆ ತಟ್ಟೆ ತೊಳೆಯಲು ಹೋದಳು.

ಮೂರನೆಯ ಸಲ ಬ್ಯಾಂಕ್ ಮ್ಯಾನೇಜರು. ಸಂಸಾರ ಸಮೇತ ಬರುತ್ತೇನೆಂದಿದ್ದರು. ಹೊಸ ಮನೆ ಕಟ್ಟಿಸುತ್ತಿದ್ದರು. ಮೇಜು ಬೇಕಾಗಿತ್ತು ಎಂಬುದೂ ಗೊತ್ತಿತ್ತು. ಮೇಜಿನ ಮೇಲೆ ಬಟ್ಟೆಯಿರಲಿಲ್ಲ, ಪೇಪರಿರಲಿಲ್ಲ. ದೀಪದ ಬೆಳಕಿಗೆ ತೇಗದ ಗೆರೆಗಳು ಜೇನಿನ ಬಣ್ಣಕ್ಕೆ ತಿರುಗಿದ್ದವು. ಬಡಗಿ ದೂರ ನಿಂತು ನೋಡಿ, ಹತ್ತಿರ ಬಂದು ನೋಡಿ, ಕುರ್ಚಿಗಳನ್ನು ನೇರ ಮಾಡಿದ. ಬೀದಿಯ ದೀಪ ಹತ್ತಿತು. ಆಗ ಬ್ಯಾಂಕಿನ ಜವಾನ ಬಂದು ಬಾಗಿಲಲ್ಲೇ ನಿಂತ.

"ಸಾಹೇಬರು ಬರಲ್ವಂತೆ ಮೇಸ್ತ್ರಿ. ಗಿರಣಿ ಮಾಲೀಕರ ಮನೆಯಿಂದ ಊಟಕ್ಕೆ ಕರೆ ಬಂತು. ಬೇಜಾರು ಮಾಡ್ಕೋಬೇಡಿ ಅಂದ್ರು."

ಬಡಗಿ, "ಇಲ್ಲಪ್ಪ, ಬೇಜಾರೇನು," ಎಂದು ಖಾಲಿ ಕುರ್ಚಿಯೊಂದರ ಮೇಲೆ ಕೂತ. ಅಡುಗೆಮನೆಯಲ್ಲಿ ಎರಡು ದೊಡ್ಡ ಪಾತ್ರೆ ತುಂಬ ಅಡುಗೆ ಹಬೆಯಾಡುತ್ತಿತ್ತು.

"ಅನ್ನ ಬೇಯಿಸಿದ್ದು ಹಸಿದವರಿಗೋ ಬ್ಯಾಂಕಿಗೋ?" ಎಂದಳು ಅಜ್ಜಿ ಮೂಲೆಯಿಂದ. "ಬಾಗಿಲು ತೆಗೆದಿಡಿ. ಯಾರು ಸಿಗ್ತಾರೋ ಕರೀರಿ."

ಮೊದಲು ಸಿಕ್ಕಿದವನು ಎದುರುಮನೆಯ ಬಸ್ ಕಂಡಕ್ಟರು. ಒಂಟಿ ಮನುಷ್ಯ, ದಿನವಿಡೀ "ರೈಟ್, ರೈಟ್" ಎಂದು ಕೂಗಿ ಕೂಗಿ ಬೀದಿಗೆಲ್ಲ ರೈಟಣ್ಣನಾಗಿದ್ದ. ಬೀಗ ತೆಗೆಯುತ್ತಿದ್ದವನನ್ನು ಮಗ ಕೂಗಿದ.

"ನನ್ನದು ಊಟ ಆಯ್ತು," ಎಂದ ರೈಟಣ್ಣ. ಅವನ ಕೈಯಲ್ಲಿ ಎರಡು ಬಾಳೆಹಣ್ಣು, ಒಂದು ಬನ್ನು ಇದ್ದವು.

"ಸೀಟು ಖಾಲಿ ಇದ್ರೂ ನಿಂತೇ ಹೋಗ್ತೀಯೇನೋ," ಎಂದು ಅಜ್ಜಿ ಒಳಗಿನಿಂದಲೇ ಅಂದಳು. ಅವನು ನಗುತ್ತ ಬಂದ.

ಆಮೇಲೆ ಇಸ್ತ್ರಿ ಅಂಗಡಿಯ ಅಕ್ಕ, ಅವಳ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸೊಸೆಯ ಹತ್ತಿರ ಹೊಲಿಗೆ ಕಲಿಯಲು ಹೆಸರು ಕೊಟ್ಟವಳು. ಎಲ್ಲರೂ ಕೂತರು. ಅತ್ತೆ ಸೊಸೆ ಬಡಿಸಲು ನಿಂತರು. ಇಸ್ತ್ರಿಯಕ್ಕ ತಟ್ಟೆಗೆ ಕೈ ಹಾಕಲಿಲ್ಲ.

"ನೀವೂ ಕೂರಿ."

"ನೀವು ಊಟ ಮಾಡಿ, ನಮ್ಮದು ಆಮೇಲೆ."

"ಬೆಳಗ್ಗಿಂದ ಸಂಜೆವರೆಗೂ ನಾನು ನಿಂತೇ ಇರ್ತೀನಿ. ನಿಂತವರ ಕಾಲು ನೋವು ನನಗೆ ಗೊತ್ತು. ನಿಮ್ಮನ್ನ ನಿಲ್ಲಿಸಿಕೊಂಡು ನನಗೆ ಗಂಟಲಲ್ಲಿ ಇಳಿಯಲ್ಲ. ಪಾತ್ರೆ ಮಧ್ಯದಲ್ಲಿಡಿ, ಕೈ ಎಟುಕದವರು ಕೇಳಿ ತಗೊಳ್ಳಲಿ."

ಅತ್ತೆ ಗಂಡನ ಮುಖ ನೋಡಿದಳು. ಗಂಡ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದ. ಸೊಸೆ ಎದುರಿಗೆ ಕೂತಳು. ಅಜ್ಜಿಯನ್ನು ಕೈಹಿಡಿದು ತಂದು ತುದಿಯಲ್ಲಿ ಕೂರಿಸಿದರು. ಅವಳು ಎರಡೂ ಅಂಗೈಯನ್ನು ಮರದ ಮೇಲೆ ಊರಿ, "ಕೊಟ್ಟವನೇ, ಎಲ್ಲರಿಗೂ ಸಾಕಾಗಲಿ," ಎಂದಳು. ಸಾಕಾಯಿತು. ನಡುವೆ ಚಿಕ್ಕ ಹುಡುಗಿಯ ಕೈ ತಾಗಿ ಸಾರಿನ ಬಟ್ಟಲು ಮಗುಚಿತು. ಬಡಗಿಯ ಹೆಂಡತಿ ದಡಬಡಿಸಿ ಎದ್ದಳು.

"ಕೂತ್ಕೋ," ಎಂದ ಬಡಗಿ. "ಉಂಡಾದ ಮೇಲೆ ಒರೆಸಿದ್ರಾಯ್ತು."

ಮಾರನೆಯ ಸಂಜೆ ಇಸ್ತ್ರಿಯಕ್ಕ ಬೇಯಿಸಿದ ಆಲೂಗಡ್ಡೆ ಹಿಡಿದು ಬಂದಳು. "ಉಂಡು ಹಾಗೇ ಇರೋಕಾಗುತ್ತಾ?" ರೈಟಣ್ಣ ತನ್ನ ಬಸ್ಸು ಹೋಗುವ ಊರುಗಳಿಂದ ಅಗ್ಗದ ತರಕಾರಿ ತಂದ. ಇವರು ತಂದದ್ದನ್ನು ಇವರನ್ನು ಬಿಟ್ಟು ಉಣ್ಣುವುದು ಹೇಗೆ? ಹೀಗೆ ಒಂದು ಸಂಜೆ ಎರಡಾಗಿ, ಎರಡು ನಾಲ್ಕಾಗಿ, ಅಡುಗೆಮನೆಯ ನೆಲದಲ್ಲಿ ಕೂತು ಉಣ್ಣುವುದನ್ನು ಮನೆಯವರು ಮರೆತೇಬಿಟ್ಟರು. ಪಾತ್ರೆ ತೊಳೆಯುವ ಸರದಿ ಬಂತು. ರೈಟಣ್ಣನ ಸರದಿಯ ದಿನ ತಳದ ಜಿಡ್ಡು ಹಾಗೇ ಉಳಿಯುತ್ತಿತ್ತು.

"ಬಸ್ ತೊಳೆದ ಹಾಗೆ ತೊಳೀತೀಯಲ್ಲಪ್ಪ, ಹೊರಗೆ ಮಾತ್ರ," ಎನ್ನುತ್ತಿದ್ದಳು ಬಡಗಿಯ ಹೆಂಡತಿ.

ಒಂದು ಬೆಳಗ್ಗೆ ಡಾಕ್ಟರಮ್ಮ ಬಂದರು. ಮೇಜಿನ ವಿಚಾರಕ್ಕೇ ಇರಬೇಕೆಂದು ಬಡಗಿ ಉಳಿ ಕೆಳಗಿಟ್ಟು ಓಡಿಬಂದ. ಅವರು ಕೇಳಿದ್ದು ಸೊಸೆಯನ್ನು.

"ಆ ನೀಲಿ ಅಂಚು ನಿಂದಾ? ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಪರದೆ ಬೇಕು. ಎಲ್ಲ ಕಿಟಕಿಗೂ. ನಿನಗಾಗುತ್ತಾ?"

"ಆಗುತ್ತೆ," ಎಂದಳು ಸೊಸೆ, ಎಷ್ಟು ಕಿಟಕಿ ಎಂದೂ ಕೇಳದೆ.

ಪರದೆಯ ಬಟ್ಟೆ ಗಾಡಿಯಲ್ಲಿ ಬಂತು. ಅಡುಗೆಮನೆಯ ನೆಲದಲ್ಲಿ ಅದನ್ನು ಬಿಚ್ಚಲೂ ಜಾಗವಿರಲಿಲ್ಲ. ಸೊಸೆ ಮೇಜಿನ ಮೇಲೆ ಉರುಳಿಸಿದಳು. ಬಟ್ಟೆ ಆ ತುದಿಯವರೆಗೆ ಒಂದು ಸುಕ್ಕಿಲ್ಲದೆ ಮಲಗಿತು. ಬಗ್ಗಬೇಕಾಗಿರಲಿಲ್ಲ, ಮಂಡಿಯೂರಬೇಕಾಗಿರಲಿಲ್ಲ. ನಿಂತಲ್ಲೇ ಗುರುತು ಹಾಕಿ, ನಿಂತಲ್ಲೇ ಕತ್ತರಿಸಿದಳು. ಇಸ್ತ್ರಿಯಕ್ಕನ ದೊಡ್ಡ ಮಗಳು ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದಳು.

ಬಡಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಕತ್ತರಿ ಮರಕ್ಕೆ ತಾಗೀತು, ಜೋಪಾನ. ಮಾರೋ ಸಾಮಾನು."

"ಮಾರೋವರೆಗೂ ಬಳಸ್ತೀನಿ ಮಾವ."

ಅವನು ಒಳಗೆ ಹೋಗಿ ತನ್ನ ಉಕ್ಕಿನ ಅಡಿಪಟ್ಟಿ ತಂದು ಬಟ್ಟೆಯ ಮೇಲಿಟ್ಟ. ಆ ಪಟ್ಟಿಯನ್ನು ಮಗನಿಗೂ ಅವನು ಮುಟ್ಟಗೊಡುತ್ತಿರಲಿಲ್ಲ.

ಶಾಲೆ ತೆರೆಯುವ ಸೋಮವಾರ ಹತ್ತಿರ ಬಂತು. ಸೈಕಲ್ ಅಂಗಡಿಯವನು ಮಗನನ್ನು ಬೀದಿಯಲ್ಲಿ ತಡೆದು, ಸೋಮವಾರದೊಳಗೆ ಹೇಳದಿದ್ದರೆ ಕೋಣೆಗಳನ್ನು ಬೇರೆಯವರಿಗೆ ಕೊಡುತ್ತೇನೆಂದ. ಮಗ ಬಾವಿಯ ಹತ್ತಿರ ಹೆಂಡತಿಯನ್ನು ಕೇಳಿದ.

"ಏನಂತ ಹೇಳ್ಲಿ?"

"ಇನ್ನೂ ಏನೂ ಹೇಳಬೇಡಿ."

"ಮೇಜು ಹೋಗೋ ಹಾಗೆ ಕಾಣಲ್ಲ. ಅಲ್ಲಿ ನಿನ್ನ ಕ್ಲಾಸು ನಿಂದೇ ಆಗಿರುತ್ತೆ. ಯಾರೂ ಊಟ ಅಂತ ಎಬ್ಬಿಸಲ್ಲ."

"ಹೂಂ," ಎಂದಳು ಅವಳು, ಕೊಡ ಎತ್ತುತ್ತ. ಅದು ಒಪ್ಪಿದ ಹೂಂ ಆಗಿರಲಿಲ್ಲ, ಒಪ್ಪದ್ದೂ ಆಗಿರಲಿಲ್ಲ. ಕಿಟಕಿಯ ಹಿಂದೆ ಕಾಳು ಆರಿಸುತ್ತಿದ್ದ ಅತ್ತೆ ಅದನ್ನು ಕೇಳಿಸಿಕೊಂಡಳು. ಅಂದು ಬೇಳೆಗೆ ಉಪ್ಪು ಹಾಕುವುದನ್ನು ಮರೆತಳು.

ಆ ಸಂಜೆಯೇ ಕಾರ್ಯದರ್ಶಿಗಳು ಬಂದರು. ಎಲ್ಲರೂ ಉಪ್ಪಿಲ್ಲದ ಬೇಳೆಯ ಬಗ್ಗೆ ತಮಾಷೆ ಮಾಡುತ್ತ ಊಟ ಮಾಡುತ್ತಿದ್ದರು. ಉಳಿದ ಪರದೆಗಳ ಅಳತೆ ಕೊಡಲು ಬಂದಿದ್ದ ಡಾಕ್ಟರಮ್ಮನೂ ಒಂದು ತಟ್ಟೆ ಹಾಕಿಸಿಕೊಂಡು ಕೂತಿದ್ದರು. ಕಾರ್ಯದರ್ಶಿಗಳನ್ನು ಕಂಡು ರೈಟಣ್ಣ ಎದ್ದು ತನ್ನ ಕುರ್ಚಿ ಒರೆಸಿ ಕೊಟ್ಟ. ಅವರು ಕೂರಲಿಲ್ಲ. ಮೇಜಿನ ಅಂಚಿಗೆ ಬೆರಳಾಡಿಸುತ್ತ ಅದರ ಉದ್ದಕ್ಕೂ ನಡೆದರು.

"ಇಂಥದ್ದು ಮಾಡಿಟ್ಟಿದ್ದೀಯ ಅಂತ ನನಗೆ ಗೊತ್ತೇ ಇರಲಿಲ್ಲ ಮೇಸ್ತ್ರಿ."

"ಬನ್ನಿ, ಊಟ ಮಾಡಿ ಸ್ವಾಮಿ."

"ಊಟಕ್ಕೇ ಬಂದಿರೋದು, ಆದ್ರೆ ಇವತ್ತಿನದಕ್ಕಲ್ಲ." ಅವರು ನಕ್ಕರು. "ಭಾನುವಾರ ಕಚೇರಿಗೆ ಹೊಸದಾಗಿ ಬಂದಿರೋ ದೊಡ್ಡ ಸಾಹೇಬರಿಗೆ ಕ್ಲಬ್ಬಿನ ಊಟ. ಅಲ್ಲಿ ನೆಲ ಕಿತ್ತು ಹಾಕಿದ್ದಾರೆ. ಗಾಜಿನ ಮೇಜಂತೂ ಬಿರುಕು ಬಿಟ್ಟು ಕೂತಿದೆ. ಊಟ ಇಲ್ಲೇ ಆಗಲಿ. ಖರ್ಚು ನಮ್ಮದು. ಮಾರನೇ ದಿನ ಈ ಮೇಜು ಕ್ಲಬ್ಬಿಗೆ, ನೀನು ಹೇಳಿದ ಬೆಲೆಗೆ. ಸಾಹೇಬರಿಗೆ ಹಿಡಿಸಿದ್ರೆ ಕಚೇರಿಯ ಕುರ್ಚಿ, ಬೀರು, ಎಲ್ಲ ನಿನಗೇ."

ಬಡಗಿ ತುತ್ತನ್ನು ತಟ್ಟೆಗೆ ಇಳಿಸಿದ.

"ಒಂದೇ ವಿಷಯ," ಎಂದರು ಕಾರ್ಯದರ್ಶಿಗಳು, ದನಿ ತಗ್ಗಿಸಿ, ಎಲ್ಲರಿಗೂ ಕೇಳಿಸುವಷ್ಟು. "ಆವತ್ತು ಮೇಜಿಗೆ ನಮ್ಮ ಜನ ಮಾತ್ರ. ಮನೆಯವರು ಬಡಿಸಲಿ, ಆಮೇಲೆ ಒಳಗೆ ಉಣ್ಣಲಿ. ಮತ್ತೆ ಇವರೆಲ್ಲ..." ಎಂದು ಒಂದು ಸುತ್ತು ನೋಡಿದರು. ಡಾಕ್ಟರಮ್ಮನ ಮೇಲೆ ಕಣ್ಣು ಬಿದ್ದಾಗ, "ನೀವಂತೂ ಬರಲೇಬೇಕು," ಎಂದರು.

"ನನಗೆ ಭಾನುವಾರ ಡ್ಯೂಟಿ, ಸ್ವಾಮಿ," ಎಂದ ರೈಟಣ್ಣ. ಅವನಿಗೆ ಭಾನುವಾರ ರಜೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಇಸ್ತ್ರಿಯಕ್ಕ ಅರ್ಧ ಉಂಡ ತನ್ನ ತಟ್ಟೆಯನ್ನೆತ್ತಿಕೊಂಡು ನಿಂತಳು. ಮಕ್ಕಳೂ ಎದ್ದರು. ಡಾಕ್ಟರಮ್ಮ ತಲೆ ತಗ್ಗಿಸಿದರು.

ಬಡಗಿ ಎದ್ದು ನಿಂತವರನ್ನು ನೋಡಿದ. ಹೆಂಡತಿಯನ್ನು ನೋಡಿದ. ಕೊನೆಗೆ ಸೊಸೆಯ ಕಡೆ ತಿರುಗಿದ.

"ಕೋಣೆ ನಿಂದು ಅಂತ ಮಾತು ಕೊಟ್ಟವನು ನಾನಮ್ಮ," ಎಂದ. "ಸೋಮವಾರಕ್ಕೆ ಖಾಲಿ ಆಗುತ್ತೆ. ನೀವು ಎಲ್ಲೂ ಹೋಗಬೇಕಾಗಿಲ್ಲ. ನಾನು ಬೇಡ ಅನ್ನೋಕೂ ಹಕ್ಕಿಲ್ಲ, ಹೂಂ ಅನ್ನೋಕೂ ಬಾಯಿ ಬರ್ತಿಲ್ಲ. ನೀನೇ ಹೇಳು."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿ ಹಿಡಿದಳು. ಕಾರ್ಯದರ್ಶಿಗಳು ಸೊಸೆಯನ್ನು ನೋಡಿ ಪ್ರೀತಿಯಿಂದಲೇ ಮುಗುಳ್ನಕ್ಕರು.

"ನೀನೇ ಮುಂದೆ ನಿಂತು ಬಡಿಸಮ್ಮ. ಆ ನೀಲಿ ಅಂಚಿನ ಬಟ್ಟೆಯಂತೆ, ಅದನ್ನೂ ಹಾಸು. ಏನಂತೀಯ?"

ಸೊಸೆ ಕೈಚಾಚಿ ಇಸ್ತ್ರಿಯಕ್ಕನ ಕೈಯಿಂದ ತಟ್ಟೆಯನ್ನು ತೆಗೆದುಕೊಂಡಳು. ಅದನ್ನು ಮೇಜಿನ ಮೇಲೆ, ಇದ್ದ ಜಾಗದಲ್ಲೇ ಇಟ್ಟಳು. ಒಂದು ಸೌಟು ಬೇಳೆ ಹಾಕಿದಳು.

"ಆಗಲ್ಲ ಸಾರ್," ಎಂದಳು. "ಸೋಮವಾರದಿಂದ ಈ ಮೇಜಿನ ಸುತ್ತ ನನ್ನ ಹುಡುಗಿಯರು ಕೂರ್ತಾರೆ. ಭಾನುವಾರ ಸಂಜೆ ನಾವು ಕೂರ್ತೀವಿ, ನಾವೆಲ್ಲರೂ. ಮೇಜೂ ಕೊಡಲ್ಲ, ಊಟವೂ ಆಗಲ್ಲ."